ಚಂದಾ ಪಾಠವೂ ಹೊಸ ನೀರುಗಂಟಿಯೂ

ತಿಂಗಳಿಗೆ ಇಷ್ಟೆಂದು ಚಂದಾ ಕಟ್ಟಿಸಿಕೊಂಡು ಮೊಬೈಲಿನ ಮೂಲಕ ಕಸಬಿನ ಪಾಠ ಹೇಳುವ ಕಂಪೆನಿಗಳು ಈಚೆಗೆ ಅನೇಕವಾಗಿವೆ. ಮನೆಯ ಹುಡುಗರು ಅವಕ್ಕೆ ಸೇರಬೇಕೆನ್ನುತ್ತಾರೆ. ಹಣ ಕೊಡುವುದು ಯುಕ್ತವೇ ಎಂದು ಪೂರಿಗಾಲಿ ಪ್ರಾಂತದ ಗ್ರಾಮಪ್ರಮುಖರೂ ಜಮೀನುದಾರರೂ ಕೇಳುತ್ತಿದ್ದಾರೆ.

ವಿದ್ಯೆಗೆ ಹಣ ವೆಚ್ಚಮಾಡಕೂಡದೆಂಬುದು ನನ್ನ ಮತವಲ್ಲ. 1913 ರಲ್ಲಿ ಹೆಬ್ಬಾಳದ ವ್ಯವಸಾಯ ಶಾಲೆ ಆರಂಭವಾದಾಗ, ಬೇಸಾಯಶಾಸ್ತ್ರವನ್ನು ಕಲಿಯಲಿಚ್ಛಿಸಿದ ಹುಡುಗನು ಊರು ಬಿಟ್ಟು ಹೋಗಬೇಕಾಗಿತ್ತು. ಈಗ ಪಾಠವೇ ಜಗಲಿಗೆ ಬರುತ್ತದೆ. ಆದರೆ ಹೆಬ್ಬಾಳದಲ್ಲಿ ಕೊಠಡಿಯ ಹೊರಗೆ ಪ್ರಯೋಗಕ್ಷೇತ್ರವಿತ್ತು. ಮೊಬೈಲಿನ ಹೊರಗೆ ಏನಿದೆಯೆಂಬುದನ್ನು ನಾವೇ ನೋಡಿಕೊಳ್ಳಬೇಕು.

ಪೂರಿಗಾಲಿಯ ಹೆಸರಿನಲ್ಲಿಯೇ, ಕಾವೇರಿಯ ನೀರನ್ನೆತ್ತಿ ಹನಿ ಹಾಗೂ ತುಂತುರು ಕ್ರಮದಿಂದ ಹೊಲಗಳಿಗೆ ಒದಗಿಸುವ ಯೋಜನೆಯನ್ನು ಸರ್ಕಾರವು ಕೈಗೊಂಡಿರುವುದಷ್ಟೆ. ಹಿಂದೆ ಕೆರೆಯ ತೂಬಿಗೆ ನೀರುಗಂಟಿಯಿದ್ದನು. ಅವನ ಕೆಲಸ ಕಣ್ಣಿಗೆ ಕಾಣುತ್ತಿತ್ತು. ಹನಿ ಕೊಳವೆಯ ಕೆಲಸ ಹಾಗಲ್ಲ. ನದಿಯ ನೀರಿನಲ್ಲಿ ಹೂಳೂ ಪಾಚಿಯೂ ಇರುವುದರಿಂದ ಮರಳು ಸೋಸುಕವನ್ನು ಹಿಮ್ಮುಖವಾಗಿ ನೀರು ಹಾಯಿಸಿ ಆಗಾಗ ತೊಳೆಯಬೇಕು. ಸೋಸುಕದ ಎರಡು ಕಡೆಯ ಒತ್ತಡಮಾಪಕಗಳ ಅಂತರವು ಹೆಚ್ಚಾದರೆ ಅದು ಕಟ್ಟಿಕೊಂಡಿದೆಯೆಂದು ತಿಳಿಯಬೇಕು. ಕೊಳವೆಗಳ ತುದಿಯ ಮುಚ್ಚಳವನ್ನು ಬಿಚ್ಚಿ ಕೆಸರನ್ನು ಹೊರಬಿಡಬೇಕು. ಯೂರಿಯಾ ನೀರಿನಲ್ಲಿ ಪೂರ್ಣವಾಗಿ ಕರಗುತ್ತದೆ. ಸೂಪರ್ ಫಾಸ್ಫೇಟ್ ಹಾಗೆ ಕರಗುವುದಿಲ್ಲ. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕದ ಗೊಬ್ಬರದೊಡನೆ ಬೆರೆಸಿದರೆ ಸುಣ್ಣದಂಥ ಗಸಿ ಕಟ್ಟಿ ರಂಧ್ರಗಳು ಮುಚ್ಚಿಹೋಗುತ್ತವೆ. ಮುಚ್ಚಿದ ರಂಧ್ರವು ಹೊರಗೆ ಕಾಣದು. ಪೈರು ಬಾಡಿದ ಮೇಲೆಯೇ ಕಾಣುವುದು.

ಇಷ್ಟನ್ನು ಯಾವನು ತಿಳಿದಿರಬೇಕು? ಕವಾಟವನ್ನು ತಿರುಗಿಸುವವನು. ಅವನು ಸಾಮಾನ್ಯವಾಗಿ ಜಮೀನುದಾರರ ಮಗನಲ್ಲ, ಕೂಲಿಯ ಆಳು. ಚಂದಾ ಮಾತ್ರ ಮಗನ ಹೆಸರಿನಲ್ಲಿ ಹೋಗುತ್ತಿದೆ! ಮಗನು ಕಲಿಯುವುದು ಬೆಂಗಳೂರಿನ ಉದ್ಯೋಗಕ್ಕೆ ಬೇಕಾದ ವಿದ್ಯೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದನ್ನು ಹೊಲದ ಖರ್ಚಿಗೆ ಬರೆಯಬಾರದು.

ಹಣ ಕೊಡುವುದಕ್ಕೆ ಮುಂಚೆ, ಹಣವಿಲ್ಲದೆ ದೊರೆಯುವುದನ್ನು ವಿಚಾರಿಸಿರಿ. ಕೇಂದ್ರ ಸರ್ಕಾರವು 2017 ರಲ್ಲಿ ಆರಂಭಿಸಿದ ಸ್ವಯಂ ಎಂಬ ವ್ಯವಸ್ಥೆಯಲ್ಲಿ ಪಾಠಗಳು ಉಚಿತ. ಪ್ರಮಾಣಪತ್ರ ಬೇಕೆಂದವರು ಮಾತ್ರ ಪರೀಕ್ಷಾ ಶುಲ್ಕ ಕೊಡಬೇಕು. ಬಹುಪಾಲು ಪಾಠಗಳು ಇಂಗ್ಲಿಷಿನಲ್ಲಿರುವುದು ದೊಡ್ಡ ಕೊರತೆಯೇ ಸರಿ. ಕನ್ನಡದಲ್ಲಿ ಸಂದೇಹ ಕೇಳಲು 2004 ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಯುಂಟು, ಅದಕ್ಕೂ ದರವಿಲ್ಲ.

ಚಂದಾ ಕಟ್ಟಲೇಬೇಕಾದಲ್ಲಿ ಒಂದು ಎಚ್ಚರಿಕೆ. ಇದು ಒಮ್ಮೆ ಕೊಟ್ಟು ಮುಗಿಯುವ ಶುಲ್ಕವಲ್ಲ. ಒಪ್ಪಿಗೆಯನ್ನು ರದ್ದುಮಾಡುವವರೆಗೆ ಬ್ಯಾಂಕಿನ ಲೆಕ್ಕದಿಂದ ಹಣ ತಾನಾಗಿ ಹೋಗುತ್ತಿರಬಹುದು. ರಿಜರ್ವ್ ಬ್ಯಾಂಕಿನ ನಿಯಮದ ಮೇರೆಗೆ 2021 ರ ಅಕ್ಟೋಬರಿನಿಂದ, ಇಂಥ ಹಣ ತೆಗೆಯುವ 24 ಗಂಟೆ ಮುಂಚೆ ಗ್ರಾಹಕನಿಗೆ ಸೂಚನೆ ಕೊಡಬೇಕಾಗಿದೆ, ಅವನು ಬೇಡವೆನ್ನಬಹುದು. ಆ ಸೂಚನೆಯನ್ನು ಓದದೆ ಅಳಿಸುವವರೇ ಹೆಚ್ಚು.

ನನ್ನ ಅಭಿಪ್ರಾಯವಿಷ್ಟು: ಮನೆಮನೆಗೂ ಒಂದೊಂದು ಚಂದಾ ಬೇಡ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗಣಕಯಂತ್ರವಿದ್ದರೆ ವಾರಕ್ಕೊಂದು ಸಂಜೆ ಹನಿ ನೀರಾವರಿಯ ಪಾಠವನ್ನು ಹತ್ತು ಮಂದಿ ಕೂಡಿ ನೋಡಲಿ. ಇಂಗ್ಲಿಷ್ ಬಲ್ಲ ಹುಡುಗನೊಬ್ಬನು ಅರ್ಥ ಹೇಳಲಿ. ಅನಂತರ ಅವರನ್ನು ಮಂಡ್ಯದ ವಿ. ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಿ, ಸೋಸುಕವನ್ನು ಬಿಚ್ಚಿ ಜೋಡಿಸುವುದನ್ನು ತೋರಿಸಿಕೊಡುವಂತೆ ಕೇಳಿರಿ. ಆ ದಿನ ಹೋಗುವ ಆಳಿಗೆ ಬಸ್ಸಿನ ಖರ್ಚನ್ನೂ ದಿನದ ಕೂಲಿಯನ್ನೂ ಜಮೀನುದಾರರೇ ಕೊಡತಕ್ಕದ್ದು. ಕೂಲಿ ಕಳೆದುಕೊಂಡು ಕಲಿಯಲು ಅವನು ಬರಲಾರನು.