ನಡುದಾರಿಯಲ್ಲಿ ನಿಂತವನು

ನಮ್ಮ ನೆರೆಮನೆಯ ಹುಡುಗನು ಈ ಬೇಸಿಗೆಯಲ್ಲಿ ನಗರದಲ್ಲಿ ನಡೆಯುವ ದೂರದ ಓಟಕ್ಕೆ ಹೆಸರು ಕೊಟ್ಟಿರುವನು. ಮಗನು ನಸುಕಿನಲ್ಲೆದ್ದು ಅಭ್ಯಾಸಕ್ಕೆ ಹೊರಡುವುದನ್ನು ಕಂಡು ತಂದೆಯವರಿಗೆ ಸಂತೋಷವೇ. ಆದರೆ ಮೊನ್ನೆ ಸಂಜೆ ಜಗಲಿಯಲ್ಲಿ ಕುಳಿತು ಅವರು ಮಗನಿಗೆ ಹೇಳಿದ ಮಾತು ನನ್ನ ಕಿವಿಗೂ ಬಿದ್ದಿತು: “ನೋಡಪ್ಪ, ಓಡುವುದಾದರೆ ಕಡೆಯವರೆಗೂ ಓಡು. ನಡುದಾರಿಯಲ್ಲಿ ನಿಂತು ನಾಲ್ವರ ನಗೆಗೆ ಈಡಾಗಬೇಡ.” ಒಳಗಿನಿಂದ ತಾಯಿಯವರು, “ಆಗದಿದ್ದರೆ ನಿಂತುಬಿಡು ಮಗು, ಬಿಸಿಲು ಸಾಮಾನ್ಯವಲ್ಲ” ಎಂದರು. ಹುಡುಗನು ಇಬ್ಬರಿಗೂ ಉತ್ತರ ಕೊಡಲಿಲ್ಲ.

ಇವರಲ್ಲಿ ಯಾರ ಮಾತು ಸರಿ? ತೀರ್ಪು ಹೇಳುವ ಮುನ್ನ ನಡೆದ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇನೆ.

1912ನೆಯ ಇಸವಿ ಜುಲೈ 14ನೆಯ ತಾರೀಖು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಒಲಿಂಪಿಕ್ ಪಂದ್ಯಗಳ ಮ್ಯಾರಥಾನ್ ಓಟ ನಡೆಯಿತು. ದೂರ ಸುಮಾರು 40 ಕಿಲೋಮೀಟರು. ಸ್ವೀಡನ್ ಚಳಿಯ ನಾಡೆಂದು ಹೆಸರಾದುದು. ಆದರೆ ಆ ದಿನ ನೆರಳಿನಲ್ಲಿಯೂ ಸುಮಾರು 32 ಡಿಗ್ರಿ ಶಾಖವಿದ್ದಿತು. ಓಟವನ್ನು ಆರಂಭಿಸಿದುದಾದರೋ ನಡುಹಗಲು ಕಳೆದು ಎರಡು ಗಂಟೆಯಾಗುತ್ತಿದ್ದಾಗ. ಕ್ರೀಡಾಂಗಣದಿಂದ ಹೊರಟವರು 68 ಮಂದಿ; ಮರಳಿ ಬಂದು ಓಟವನ್ನು ಮುಗಿಸಿದವರು ಅವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನ ಮಾತ್ರ.

ಅಂದು ಹೊರಟವರಲ್ಲಿ ಪೋರ್ಚುಗಲ್ ದೇಶದ ಫ್ರಾನ್ಸಿಸ್ಕೊ ಲಾಜಾರೊ ಎಂಬ ತರುಣನಿದ್ದನು. ಬಡಗಿ ಕೆಲಸದಿಂದ ಜೀವನ ನಡೆಸುತ್ತಿದ್ದವನು; ತನ್ನ ನಾಡಿನಲ್ಲಿ ಹೆಸರಾಂತ ಓಟಗಾರನು. ಬಿಸಿಲು ತಾಗದಿರಲೆಂದು ಅವನು ಮೈಗೆಲ್ಲ ಮೇಣದಂತಹ ಜಿಡ್ಡನ್ನು ಬಳಿದುಕೊಂಡಿದ್ದನೆಂದು ಹೇಳುತ್ತಾರೆ. ದೇಹವು ತನ್ನ ಕಾವನ್ನು ಹೊರಹಾಕುವುದು ಮುಖ್ಯವಾಗಿ ಬೆವರು ಆರುವುದರಿಂದ. ಆ ಬಾಗಿಲನ್ನು ಮುಚ್ಚಿ, ಒಳಗೆ ಮಾಂಸಖಂಡಗಳ ಒಲೆಯನ್ನು ಉರಿಸುತ್ತ ಹೋದರೆ ಆಗುವುದೇನು? ಸುಮಾರು 30 ಕಿಲೋಮೀಟರಿನ ಬಳಿ ಅವನು ಕುಸಿದು ಬಿದ್ದನು. ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡನು.

ಇನ್ನೊಬ್ಬನು ಜಪಾನಿನಿಂದ ಬಂದಿದ್ದ ಶಿಜೊ ಕನಕುರಿ, ವಯಸ್ಸು ಇಪ್ಪತ್ತು. ಹಡಗಿನಲ್ಲಿಯೂ ರೈಲಿನಲ್ಲಿಯೂ ಎರಡು ವಾರಗಳಿಗೂ ಮಿಕ್ಕಿ ಪ್ರಯಾಣ ಮಾಡಿ ಸ್ವೀಡನ್ ಸೇರಿದ್ದನು. ಕಾಲಿಗೆ ತನ್ನ ದೇಶದ ಬಟ್ಟೆಯ ಪಾದರಕ್ಷೆ. ದಾರಿಯ ನಡುವೆ ಬಿಸಿಲು ತಲೆಗೇರಿ, ಹೆಜ್ಜೆಗಳು ತಡವರಿಸಲು, ಅವನು ಸಮೀಪದ ಮನೆಯೊಂದರ ತೋಟವನ್ನು ಹೊಕ್ಕನು. ಆ ಮನೆಯವರು ಗುರುತಿಲ್ಲದ ಈ ಪರದೇಶಿಯನ್ನು ಉಪಚರಿಸಿ ಹಣ್ಣಿನ ರಸವನ್ನು ಕುಡಿಸಿದರು. ಅಲ್ಲಿಗೆ ಅವನ ಓಟ ಮುಗಿಯಿತು. ಅಧಿಕಾರಿಗಳಿಗೆ ತಿಳಿಸದೆಯೆ, ಸೋಲಿನ ನಾಚಿಕೆಯನ್ನು ಹೊತ್ತು ಅವನು ಊರಿಗೆ ಹಿಂದಿರುಗಿದನು. ಓಟದ ನಡುವೆ ಕಾಣೆಯಾದ ಜಪಾನೀಯನ ಕಥೆಯು ಸ್ವೀಡನ್ನಿನಲ್ಲಿ ಬಹುಕಾಲ ಉಳಿಯಿತು.

ನಿಂತವನಿಗೆ ನಷ್ಟವೇ ಇಲ್ಲವೆಂದು ನಾನು ಹೇಳಲಾರೆ. ಅದೇ ಓಟದಲ್ಲಿ ದಕ್ಷಿಣ ಆಫ್ರಿಕದ ಗಿಟ್‌ಶಮ್ ಎಂಬವನು ನೀರು ಕುಡಿಯಲು ನಿಂತನು. ಅವನ ದೇಶದವನೇ ಆದ ಮೆಕಾರ್ಥರ್ ಎಂಬವನು ನಿಲ್ಲದೆ ಮುಂದೆ ಸಾಗಿ ಚಿನ್ನದ ಪದಕವನ್ನು ಪಡೆದನು. ಗಿಟ್‌ಶಮ್‌ನು ಎರಡನೆಯವನಾದುದು ಸುಮಾರು ಒಂದು ನಿಮಿಷದ ಅಂತರದಿಂದ. ಆದರೆ ಕಳೆದ ನಿಮಿಷವನ್ನು ಮತ್ತೊಂದು ಓಟದಲ್ಲಿ ಗಳಿಸಬಹುದು. ಕನಕುರಿಯ ಮುಂದಿನ ಜೀವನವೇ ಇದಕ್ಕೆ ಸಾಕ್ಷಿ.

ಎಂಟು ವರ್ಷಗಳ ತರುವಾಯ, 1920ರಲ್ಲಿ, ಬೆಲ್ಜಿಯಮ್ ದೇಶದ ಆಂಟ್‌ವರ್ಪ್ ನಗರದಲ್ಲಿ ಅವನು ಮತ್ತೆ ಮ್ಯಾರಥಾನ್ ಓಡಿ 16ನೆಯವನಾದನು. ಅದೇ ಓಟದಲ್ಲಿ 19ನೆಯವರಾಗಿ ಬಂದವರು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರೆಂಬುದನ್ನು ಕನ್ನಡಿಗರು ನೆನೆಯತಕ್ಕದ್ದು. ಅದೇ ವರ್ಷ ಜಪಾನಿನಲ್ಲಿ ಆರಂಭವಾದ ಹಕೋನೆ ಎಂಬ ಪ್ರಸಿದ್ಧ ಸರದಿ ಓಟದ ಸ್ಥಾಪಕರಲ್ಲಿಯೂ ಕನಕುರಿ ಒಬ್ಬರು. 1967ರಲ್ಲಿ ಸ್ವೀಡನ್ನಿನವರು ಅವರನ್ನು ಆದರದಿಂದ ಕರೆಸಿಕೊಂಡರು. ಎಪ್ಪತ್ತೈದು ವರ್ಷದ ಆ ವೃದ್ಧರು ಸ್ಟಾಕ್‌ಹೋಮಿನ ಕ್ರೀಡಾಂಗಣದಲ್ಲಿ ಮುಕ್ತಾಯದ ಗೆರೆಯನ್ನು ದಾಟಿದರು. ಅಂದು ಸಾರಿದ ಕಾಲಾವಧಿ: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು! ಈ ಓಟದ ನಡುವೆ ತಮಗೆ ಮದುವೆಯಾಗಿ, ಮಕ್ಕಳೂ ಮೊಮ್ಮಕ್ಕಳೂ ಆದರೆಂದು ಅವರು ನಗುತ್ತ ನುಡಿದರಂತೆ. ಅವರು ತೀರಿಕೊಂಡುದು 1983ರಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ.

ಈ ವೃತ್ತಾಂತದಿಂದ ಗೃಹಸ್ಥರು ಗ್ರಹಿಸಬೇಕಾದುದು ಇಷ್ಟು. ಬಿಸಿಲಿನ ಓಟಕ್ಕೆ ಮೈಯನ್ನು ಎರಡು ವಾರಗಳಾದರೂ ಮೆಲ್ಲಮೆಲ್ಲನೆ ಪಳಗಿಸಬೇಕು. ಬೆವರು ಆರಗೊಡುವ ತೆಳುವಾದ ಸಡಿಲ ಉಡುಪನ್ನು ತೊಡಬೇಕು. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಬೇಕು; ಹೆದರಿ ಮಿತಿಮೀರಿ ಕುಡಿದರೆ ರಕ್ತದಲ್ಲಿನ ಉಪ್ಪಿನ ಪ್ರಮಾಣ ಇಳಿದು ಅದೂ ಅಪಾಯವೇ. ಜ್ವರ ಬಂದು ಬಿಟ್ಟ ಮೈಯಲ್ಲಿ ಓಡಲೇಕೂಡದು. ಓಡುವಾಗ ತಲೆ ಸುತ್ತುವುದು, ಓಕರಿಕೆ ಬರುವುದು, ಬಿಸಿಲಿನಲ್ಲಿಯೇ ಚಳಿಯಾದಂತಾಗುವುದು, ಮಾತು ತೊದಲುವುದು—ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ನಿಲ್ಲತಕ್ಕದ್ದು. ಒಬ್ಬನು ಬುದ್ಧಿ ಕದಡಿದವನಂತೆ ಆಡಿದರೆ ಅಥವಾ ಬಿದ್ದರೆ, ಅವನನ್ನು ನೆರಳಿಗೆ ಸಾಗಿಸಿ, ತಡಮಾಡದೆ ಮೈಗೆಲ್ಲ ತಣ್ಣೀರು ಹೊಯ್ದು ಗಾಳಿ ಬೀಸುತ್ತಿರಬೇಕು. ಜೊತೆಯಲ್ಲಿಯೇ ವೈದ್ಯರನ್ನು ಕರೆಸಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಕೂಡದು.

ಹಿಡಿದ ಕೆಲಸವನ್ನು ಬಿಡಬಾರದೆಂಬ ತಂದೆಯ ಮಾತು ಹಿರಿದಾದುದೇ. ಆದರೆ ಆ ಮಾತು ಆಯುಸ್ಸೆಲ್ಲಕ್ಕೂ ಅನ್ವಯಿಸತಕ್ಕದ್ದೇ ಹೊರತು ಒಂದು ಮಧ್ಯಾಹ್ನಕ್ಕಲ್ಲ. ಕನಕುರಿಯವರು ಆ ಮಧ್ಯಾಹ್ನ ನಿಂತರು, ಓಟವನ್ನು ಬಿಡಲಿಲ್ಲ.

ಈ ಕಥೆಯನ್ನು ನೆರೆಮನೆಯ ಯಜಮಾನರಿಗೆ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ನಸುಕಿನಲ್ಲಿ ಹುಡುಗನು ಬಾಗಿಲಲ್ಲಿ ನಿಂತು, “ಅಪ್ಪಾ, ಹೋಗಿಬರುತ್ತೇನೆ” ಎಂದನು. “ಹೋಗಿ ಬಾರಪ್ಪ. ಸಾಕೆನಿಸಿದರೆ ನಿಲ್ಲು” ಎಂದ ಅವರ ದನಿ ನಮ್ಮ ಮನೆಗೂ ಕೇಳಿಸಿತು. ಹೊರಡುವವರು ಬರಿದೆ ‘ಹೋಗುತ್ತೇನೆ’ ಎನ್ನಬಾರದೆಂದು ನಮ್ಮ ಹಿರಿಯರು ಕಲಿಸಿರುವುದು ಸುಮ್ಮನೆಯಲ್ಲ.