‘ಬಾರ್ಡರ್‌’ನಲ್ಲಿ ನಿಂತ ಸಕ್ಕರೆಗೆ ನಡಿಗೆಯ ಮದ್ದು

ಹುಣಸೂರಿನ ಲ್ಯಾಬಿನಿಂದ ರಿಪೋರ್ಟ್ ತಂದವರು ‘ಏನೂ ಇಲ್ಲ, ಸಕ್ಕರೆ ಬಾರ್ಡರ್‌ನಲ್ಲಿದೆಯಂತೆ’ ಎಂದು ಚೀಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಸುಮ್ಮನಾಗುವುದು ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ನಿಜವಾಗಿ ಎಚ್ಚರಗೊಳ್ಳಬೇಕಾದ ಹೊತ್ತು ಅದೇ.

ರಾತ್ರಿಯಿಂದ ಏನೂ ತಿನ್ನದೆ ಬೆಳಿಗ್ಗೆ ಪರೀಕ್ಷಿಸಿದಾಗ ರಕ್ತದ ಗ್ಲೂಕೋಸ್ 100 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಸರಿ. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹದ ಸೂಚನೆ. ನಡುವಿನದು ಮಧುಮೇಹಪೂರ್ವ ಸ್ಥಿತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ತಿಳಿಸಿದಂತೆ ದೇಶದಲ್ಲಿ ಸುಮಾರು 13.6 ಕೋಟಿ ಜನ ಈ ಸ್ಥಿತಿಯಲ್ಲಿದ್ದಾರೆ.

ನಡಿಗೆಗೂ ಸಕ್ಕರೆಗೂ ಏನು ಸಂಬಂಧ? ಊಟದ ಗ್ಲೂಕೋಸಿನ ದೊಡ್ಡ ಪಾಲು ಸೇರುವುದು ಮಾಂಸಖಂಡಗಳಿಗೆ. ಅಲ್ಲಿನ ಬಾಗಿಲು ತೆರೆಯುವ ಕೀಲಿ ಇನ್ಸುಲಿನ್. ಮಧುಮೇಹಪೂರ್ವ ಸ್ಥಿತಿಯಲ್ಲಿ ಈ ಬಾಗಿಲು ಬಿಗಿಯಾಗಿರುತ್ತದೆ. ಆದರೆ ಕೆಲಸ ಮಾಡುತ್ತಿರುವ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆ ಗ್ಲೂಕೋಸನ್ನು ಎಳೆದುಕೊಳ್ಳಬಲ್ಲದು. ಈ ಲಾಭ ಒಂದೆರಡು ದಿನ ಉಳಿಯುತ್ತದೆ. ಆದ್ದರಿಂದಲೇ ವ್ಯಾಯಾಮವನ್ನು ಎರಡು ದಿನ ಒಟ್ಟಿಗೆ ತಪ್ಪಿಸಬಾರದು.

ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥ 531 ಜನರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ವಿಶೇಷ ಸಲಹೆಯಿಲ್ಲದ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಜನ ಮಧುಮೇಹಿಗಳಾದರು. ಆಹಾರದಲ್ಲಿ ಹಿತಮಿತ ಮತ್ತು ದಿನಕ್ಕೆ ಅರ್ಧ ಗಂಟೆ ನಡಿಗೆಯ ಸಲಹೆ ಪಡೆದವರಲ್ಲಿ ಈ ಸಂಖ್ಯೆ 39ಕ್ಕೆ ಇಳಿಯಿತು.

‘ಹೊಲದಲ್ಲಿ ದುಡಿಯುವವರಿಗೆ ಇದೆಲ್ಲ ಏಕೆ?’ ಎಂದು ಕೇಳುವವರುಂಟು. ಪ್ರಶ್ನೆ ಸರಿಯಾಗಿದೆ. ಚೆನ್ನೈನ ಆ ಅಧ್ಯಯನದಲ್ಲೂ ಮೈಮುರಿದು ದುಡಿಯುವವರಿಗೆ ತಮ್ಮ ಕೆಲಸ ಮುಂದುವರಿಸಿ ಎಂದಷ್ಟೇ ಹೇಳಲಾಗಿತ್ತು. ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ಹೊಗೆಸೊಪ್ಪಿನ ಎಲೆ ಮುರಿದು ಬ್ಯಾರನ್ನಿಗೆ ಹಾಕುವ ದಿನಗಳಲ್ಲಿ ಯಾರಿಗೂ ಬೇರೆ ವ್ಯಾಯಾಮ ಬೇಕಾಗದು. ಆದರೆ ಆ ದಿನಗಳು ಮುಗಿದ ಮೇಲೆ? ಈಗ ಉಳುವುದು ಟ್ರ್ಯಾಕ್ಟರ್, ಕೆ.ಆರ್. ನಗರದ ಗದ್ದೆಗಳಲ್ಲಿ ಭತ್ತ ಕೊಯ್ಯಲು ಯಂತ್ರ, ಹೊಲಕ್ಕೆ ಹೋಗಲು ಬೈಕು. ಕೆಲಸ ಇಳಿದರೂ ತಟ್ಟೆಯ ಮುದ್ದೆ ಇಳಿಯುವುದಿಲ್ಲ.

ಮಕ್ಕಳ ಪಾಡೂ ಬೇರೆಯಲ್ಲ. ಊರಿಂದ ಕಾಲೇಜಿಗೆ ಬಸ್ಸು, ಬೆಂಚು, ಟ್ಯೂಷನ್, ಆಮೇಲೆ ಮೊಬೈಲು. ಪರೀಕ್ಷೆ ಹತ್ತಿರ ಬಂತೆಂದು ಮೊದಲು ನಿಲ್ಲಿಸುವುದು ಆಟವನ್ನೇ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಲಾಯಿತು. ಗರ್ಭಿಣಿಯಾಗಿದ್ದಾಗ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೇ ಮೈಕೊಬ್ಬು ಮತ್ತು ಇನ್ಸುಲಿನ್ ಮಟ್ಟ ಹೆಚ್ಚಿತ್ತು. ತಾಯಿಯ ಸಕ್ಕರೆ ತಾಯಿಯದಷ್ಟೇ ಅಲ್ಲ, ಇಡೀ ಮನೆಯ ವಿಷಯ.

ಹಾಗಾದರೆ ಎಷ್ಟು ನಡೆಯಬೇಕು? ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಅರ್ಧ ಗಂಟೆಯಂತೆ ಐದು ದಿನ. ಮಾತನಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ಬಿರುಸು ಇರಲಿ. ಒಟ್ಟಿಗೆ ಬಿಡುವಿಲ್ಲದಿದ್ದರೆ ಪ್ರತಿ ಊಟದ ನಂತರ ಹತ್ತು ನಿಮಿಷ ಸಾಕು. ವಾರಕ್ಕೆ ಎರಡು ದಿನ ಕೈಯೂರದೆ ಕುರ್ಚಿಯಿಂದ ಎದ್ದು ಕೂರುವಂಥ ಬಲದ ವ್ಯಾಯಾಮವೂ ಬೇಕು. 17 ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯ ಓಟ, ಆಟ, ಸೈಕಲ್ ಅಗತ್ಯ. ಎದೆನೋವು, ಏದುಸಿರು ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಸಕ್ಕರೆ ಬಾರ್ಡರ್‌ನಲ್ಲಿರುವವರು ವರ್ಷಕ್ಕೊಮ್ಮೆಯಾದರೂ ರಕ್ತವನ್ನು ಮತ್ತೆ ಪರೀಕ್ಷಿಸಿಕೊಳ್ಳಬೇಕು.

ರಾತ್ರಿ ಊಟವಾದ ಮೇಲೆ ಮಗಳು ಪುಸ್ತಕ ಮುಚ್ಚಿಟ್ಟು, ‘ಬಾರಮ್ಮ, ದೇವಸ್ಥಾನದವರೆಗೂ ಹೋಗಿ ಬರೋಣ’ ಎಂದರೆ ಸಾಕು. ಮೊಳೆಗೆ ಸಿಕ್ಕಿಸಿದ ಚೀಟಿಗೆ ಅಲ್ಲಿಂದಲೇ ಚಿಕಿತ್ಸೆ ಆರಂಭ. ಓದಿ ಬೇಸತ್ತ ತಲೆಗೂ ಅದು ಹಗುರ.