ಸ್ಯಾಂಕಿಗೆ ಪದಕ ಸಿಕ್ಕಿತು, ನೀರಗಂಟಿಗೆ ಏನು ಸಿಕ್ಕಿತು?

ಬೆಂಗಳೂರಿನ ಸ್ಯಾಂಕಿ ಕೆರೆಯ ಹೆಸರು ನೀವೂ ಕೇಳಿರುತ್ತೀರಿ. ಆ ಹೆಸರು ರಿಚರ್ಡ್ ಸ್ಯಾಂಕಿ ಎಂಬ ಬ್ರಿಟಿಷ್ ಸೇನಾಧಿಕಾರಿಯದು. 1829ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಇವರು 1846ರಲ್ಲಿ ಮದ್ರಾಸ್ ಎಂಜಿನಿಯರ್ಸ್ ದಳ ಸೇರಿದರು. ನಾವು ಮೊದಲ ಸ್ವಾತಂತ್ರ್ಯ ಸಂಗ್ರಾಮ ಎನ್ನುವ 1857ರ ಹೋರಾಟವನ್ನು ಅಡಗಿಸಿದ ಸೇನೆಯಲ್ಲಿದ್ದರು. 1864ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಈಗ ಹೈಕೋರ್ಟ್ ಇರುವ ಅಠಾರ ಕಚೇರಿ, 1870ರ ಕಬ್ಬನ್ ಪಾರ್ಕ್ ಇವರ ಕಾಲದವು. 1882ರ ಕೆರೆಗೆ ಇವರ ಹೆಸರೇ ಉಳಿಯಿತು. ಮುಂದೆ ಅಫ್ಘಾನ್ ಯುದ್ಧಕ್ಕೂ ಹೋದರು, ಲೆಫ್ಟಿನೆಂಟ್ ಜನರಲ್ ಆದರು, 1892ರಲ್ಲಿ 'ಸರ್' ಪದವಿ ಪಡೆದರು.

ಈ ಪದಕಗಳಿಗಿಂತ ದೊಡ್ಡದು 1866ರಲ್ಲಿ ಅವರೇ ಬರೆದಿಟ್ಟ ಒಂದು ಮಾತು. ಮೈಸೂರು ಸಂಸ್ಥಾನದ 27,269 ಚದರ ಮೈಲಿಯಲ್ಲಿ ಹೆಚ್ಚೂಕಡಿಮೆ ಶೇ 60ರಷ್ಟು ನೆಲವನ್ನು ಇಲ್ಲಿನ ಜನ ತಾಳ್ಮೆಯಿಂದ ದುಡಿದು ಕೆರೆಗಳ ವ್ಯವಸ್ಥೆಗೆ ತಂದಿದ್ದಾರೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬುದು ಅದರ ಸಾರ. ದೊರೆಗಳ ಎಂಜಿನಿಯರೇ ಒಪ್ಪಿಕೊಂಡಿದ್ದಾರೆ: ಈ ಕೆಲಸ ನಮ್ಮ ಹಳ್ಳಿಗರದು.

ಹಾಗಾದರೆ ನಮ್ಮವರಿಗೆ ಏನು ಗೌರವ ಇತ್ತು? ಇತ್ತು. ಹಳೆಯ ಕೆರೆ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಪದಗಳು ಬರುತ್ತವೆ. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಕೆರೆಯ ಕೆಳಗಿನ ಜಮೀನನ್ನೇ ಬಿಟ್ಟುಕೊಡುತ್ತಿದ್ದರು. ತೂಬು ತೆಗೆದು ನೀರು ಹಂಚುವ ನೀರಗಂಟಿಗೆ ಸುಗ್ಗಿಯಲ್ಲಿ ಕಾಳಿನ ಪಾಲು ಇತ್ತು. ಎದೆ ಮೇಲಿನ ಪದಕ ಮನುಷ್ಯನ ಜೊತೆಗೇ ಹೋಗುತ್ತದೆ. ಕೆರೆ ಕೆಳಗಿನ ಮಾನ್ಯ ಹಾಗಲ್ಲ. ಕೆರೆ ತುಂಬಿದರೆ ಮಾತ್ರ ಆ ಹೊಲ ಬೆಳೆಯುತ್ತದೆ, ಆದ್ದರಿಂದ ಮಾನ್ಯ ಪಡೆದವನು ಕೆರೆಯನ್ನು ಕಾಯಲೇಬೇಕು.

ನಾವು ಈಗ ಹಿಡಿದಿರುವುದು ಪದಕದ ದಾರಿ. ಹೂಳೆತ್ತಿದ ಕೂಡಲೇ ಏರಿ ಮೇಲೆ ಫಲಕ ಏಳುತ್ತದೆ. ಅದರಲ್ಲಿ ಶಾಸಕರು, ಅಧ್ಯಕ್ಷರು, ಗುತ್ತಿಗೆದಾರರ ಹೆಸರು. ಎರಡು ಮಳೆಗಾಲ ಕಳೆದರೆ ಕಾಲುವೆ ಒತ್ತುವರಿ, ತೂಬಿನಲ್ಲಿ ಕಸ, ಕೋಡಿಯಲ್ಲಿ ಜಾಲಿ. ನೀರಗಂಟಿಯ ಮಗ ಪೇಟೆಯಲ್ಲಿ ಕೂಲಿ. ಒಂದು ಕೆರೆಯ ಕೋಡಿ ನೀರು ಕೆಳಗಿನ ಇನ್ನೊಂದು ಕೆರೆಗೆ ಹೋಗುವುದರಿಂದ, ಮೇಲಿನ ಕೆರೆ ಕೆಟ್ಟರೆ ಕೆಳಗಿನ ಊರಿಗೂ ನೀರಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಹೂಳೆತ್ತುವ ಹಣ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಇನ್ನೂ ಎರಡು ಪ್ರಶ್ನೆ ಕೇಳಿ: ನೀರು ಬರುವ ಕಾಲುವೆ ತೆರವು ಮಾಡುವುದು ಯಾವಾಗ? ತೂಬು ನೋಡಿಕೊಳ್ಳುವವರು ಯಾರು, ಅವರಿಗೆ ವರ್ಷವಿಡೀ ಸಂಬಳ ಎಲ್ಲಿಂದ? ಇದಕ್ಕೆ ಉತ್ತರ ಬರೆಸಿಕೊಂಡ ಮೇಲೆ ಫಲಕಕ್ಕೆ ಯಾರ ಹೆಸರಾದರೂ ಹಾಕಲಿ.